ಮಗುವಿನ ತಟ್ಟೆಗೆ ಗಣಿತದ ಲೆಕ್ಕ

ಒಂದು ತಾಲ್ಲೂಕಿನ ಮಕ್ಕಳ ಪೌಷ್ಟಿಕತೆಗೆಂದು ವರ್ಷಕ್ಕೆ ಇಂತಿಷ್ಟು ಹಣವನ್ನು ಸರ್ಕಾರ ಕೊಟ್ಟಿದೆ ಎಂದುಕೊಳ್ಳೋಣ. ಅದನ್ನು ಖರ್ಚು ಮಾಡಬೇಕಾದ ಅಧಿಕಾರಿಯ ಮೇಜಿನ ಮೇಲೆ ಹಲವು ಬೇಡಿಕೆಗಳಿವೆ. ಅಂಗನವಾಡಿಯ ಪ್ರತಿ ಮಗುವಿಗೂ ಮೊಟ್ಟೆ ಕೊಡಬೇಕು ಎನ್ನುತ್ತಾರೆ ಒಬ್ಬರು. ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ ಮೊದಲು ಎನ್ನುತ್ತಾರೆ ಇನ್ನೊಬ್ಬರು. ಭೇದಿಯಿಂದ ಸೊರಗುವ ಮಕ್ಕಳಿಗೆ ಓಆರ್‌ಎಸ್ ಮತ್ತು ಜಿಂಕ್, ಆರು ತಿಂಗಳಿಗೊಮ್ಮೆ 'ಎ' ಜೀವಸತ್ವದ ಹನಿ, ತೀರಾ ಬಡಕಲಾದ ಮಕ್ಕಳಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ, ಮನೆಮನೆಗೆ ಹೋಗಿ ತಾಯಂದಿರಿಗೆ ತಿಳಿವಳಿಕೆ ಹೀಗೆ ಪಟ್ಟಿ ಬೆಳೆಯುತ್ತದೆ.

ಇವುಗಳಲ್ಲಿ ಬೇಡ ಎನ್ನುವಂಥದು ಒಂದೂ ಇಲ್ಲ. ಆದರೆ ಹಣ ಎಲ್ಲದಕ್ಕೂ ಸಾಲದು. ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಹಂಚಿದರೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಾಗುತ್ತದೆ. ಒಂದಕ್ಕೇ ಸುರಿದರೆ ಉಳಿದವು ಬರಿದಾಗುತ್ತವೆ. ಹಾಗಾದರೆ ಯಾವುದಕ್ಕೆ ಎಷ್ಟು? ಸಾಮಾನ್ಯವಾಗಿ ಸರ್ಕಾರಿ ಕಚೇರಿಗಳಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಸರಳ: ಕಳೆದ ವರ್ಷ ಎಷ್ಟು ಕೊಟ್ಟಿದ್ದೆವೋ ಅಷ್ಟು, ಅದರ ಮೇಲೆ ಬೆಲೆಯೇರಿಕೆಗೆಂದು ಒಂದಿಷ್ಟು.

ಈ ರೂಢಿಗೆ ಬದಲಾಗಿ ಗಣಿತದ ಸಹಾಯ ಪಡೆಯಬಹುದೇ ಎಂಬ ಪ್ರಯತ್ನ ಕೆಲವು ದಶಕಗಳಿಂದ ನಡೆದಿದೆ. ಇರುವ ಹಣದಲ್ಲಿ ಅತಿ ಹೆಚ್ಚು ಮಕ್ಕಳನ್ನು ಕಾಪಾಡುವ ಹಂಚಿಕೆ ಯಾವುದು ಎಂದು ಗಣಕಯಂತ್ರಕ್ಕೆ ಕೇಳುವ ಪ್ರಯತ್ನ ಇದು. ಇದರ ಹಿಂದೆ ಸ್ವಾರಸ್ಯಕರವಾದ ಇತಿಹಾಸವಿದೆ. ಎಚ್ಚರಿಕೆಯ ಪಾಠವೂ ಇದೆ.

ಸ್ಟಿಗ್ಲರ್ ಬಡಿಸಿದ ಊಟ

ಕಥೆ ಆರಂಭವಾಗುವುದು ಅಮೆರಿಕದಲ್ಲಿ, 1945ರಲ್ಲಿ. ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ ಒಂದು ಪ್ರಶ್ನೆ ಹಾಕಿಕೊಂಡರು. ಸುಮಾರು 70 ಕಿಲೋ ತೂಕದ ಒಬ್ಬ ಗಂಡಸು ಆರೋಗ್ಯವಾಗಿರಲು ಬೇಕಾದ ಪೋಷಕಾಂಶಗಳನ್ನೆಲ್ಲ ಅತಿ ಕಡಿಮೆ ಖರ್ಚಿನಲ್ಲಿ ಪಡೆಯುವುದು ಹೇಗೆ? ಅವರ ಮುಂದೆ 77 ಆಹಾರ ಪದಾರ್ಥಗಳ ಪಟ್ಟಿ ಇತ್ತು. ಪೂರೈಸಬೇಕಾದ ಪೋಷಕಾಂಶಗಳು ಒಂಬತ್ತು: ಶಕ್ತಿ, ಪ್ರೋಟೀನ್, ಕ್ಯಾಲ್ಸಿಯಂ, ಕಬ್ಬಿಣ ಮತ್ತು ಐದು ಜೀವಸತ್ವಗಳು.

ಇಂಥ ಲೆಕ್ಕವನ್ನು ಕರಾರುವಾಕ್ಕಾಗಿ ಬಿಡಿಸುವ ವಿಧಾನ ಸ್ಟಿಗ್ಲರ್ ಅವರಿಗೆ ತಿಳಿದಿರಲಿಲ್ಲ. ಒಂದು ಪದಾರ್ಥಕ್ಕಿಂತ ಎಲ್ಲ ರೀತಿಯಲ್ಲೂ ಅಗ್ಗವಾಗಿ ಪೋಷಣೆ ಕೊಡುವ ಇನ್ನೊಂದು ಇದ್ದರೆ ಮೊದಲನೆಯದನ್ನು ಪಟ್ಟಿಯಿಂದ ಹೊಡೆದುಹಾಕುತ್ತ 77ನ್ನು 15ಕ್ಕೆ ಇಳಿಸಿದರು. ಉಳಿದವನ್ನು ಹೀಗೊಮ್ಮೆ ಹಾಗೊಮ್ಮೆ ಸೇರಿಸಿ ನೋಡುತ್ತ ಹೋದರು. ಕೊನೆಗೆ ದೊರೆತದ್ದು ಗೋಧಿಹಿಟ್ಟು, ಗಟ್ಟಿ ಹಾಲಿನ ಡಬ್ಬಿ, ಎಲೆಕೋಸು, ಪಾಲಕ್ ಸೊಪ್ಪು ಮತ್ತು ಒಣಗಿದ ಬಿಳಿ ಬೀನ್ಸ್ ಕಾಳು. 1939ರ ಬೆಲೆಯಲ್ಲಿ ಇದಕ್ಕೆ ತಗಲುವ ಖರ್ಚು ವರ್ಷಕ್ಕೆ 39 ಡಾಲರ್ 93 ಸೆಂಟ್! ವರ್ಷವಿಡೀ ಇದನ್ನೇ ತಿನ್ನಿ ಎಂದು ಯಾರಿಗೂ ಶಿಫಾರಸು ಮಾಡುವಂತಿಲ್ಲ ಎಂಬುದು ಸ್ಟಿಗ್ಲರ್ ಅವರಿಗೂ ಗೊತ್ತಿತ್ತು. ಜೀವ ಉಳಿಸಿಕೊಳ್ಳಲು ಬೇಕಾದ ಖರ್ಚು ಎಷ್ಟು, ರುಚಿಗೆ, ರೂಢಿಗೆ ನಾವು ತೆರುವ ಬೆಲೆ ಎಷ್ಟು ಎಂಬುದು ಬೇರೆ ಬೇರೆ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಈ ಸ್ಟಿಗ್ಲರ್ ಅವರಿಗೇ 1982ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಎರಡು ವರ್ಷಗಳ ನಂತರ, 1947ರಲ್ಲಿ, ಜಾರ್ಜ್ ಡಾನ್ಸಿಗ್ ಎಂಬ ಗಣಿತಜ್ಞ 'ಸಿಂಪ್ಲೆಕ್ಸ್' ಎಂಬ ವಿಧಾನವನ್ನು ರೂಪಿಸಿದರು. ಹಲವು ಮಿತಿಗಳ ನಡುವೆ ಅತಿ ಕಡಿಮೆ ಖರ್ಚಿನ ಅಥವಾ ಅತಿ ಹೆಚ್ಚು ಲಾಭದ ದಾರಿಯನ್ನು ಹಂತಹಂತವಾಗಿ ಹುಡುಕುವ ವಿಧಾನ ಅದು. ಅದನ್ನು ಪರೀಕ್ಷಿಸಲು ಆರಿಸಿಕೊಂಡ ಮೊದಲ ದೊಡ್ಡ ಲೆಕ್ಕವೇ ಸ್ಟಿಗ್ಲರ್ ಅವರ ಊಟ. ಇಂದಿನ ಗಣಕಯಂತ್ರಗಳು ಆಗ ಇರಲಿಲ್ಲ. ಒಂಬತ್ತು ಮಂದಿ ಗುಮಾಸ್ತರು ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳನ್ನು ತಿರುಗಿಸುತ್ತ ಕುಳಿತರು. ಒಬ್ಬನೇ ಮಾಡಿದ್ದರೆ 120 ದಿನ ಹಿಡಿಯುವಷ್ಟು ಕೆಲಸ ಅದು. ಉತ್ತರ 39 ಡಾಲರ್ 69 ಸೆಂಟ್. ಊಹೆ, ಅಂದಾಜುಗಳಿಂದಲೇ ಲೆಕ್ಕ ಹಾಕಿದ್ದ ಸ್ಟಿಗ್ಲರ್ ತಪ್ಪಿದ್ದು ಕೇವಲ 24 ಸೆಂಟ್‌ಗಳಷ್ಟು.

ವಿನೆಗರ್ ಕುಡಿಸಿದ ಯಂತ್ರ

ಕೆಲವು ವರ್ಷಗಳ ನಂತರ ಡಾನ್ಸಿಗ್ ಅವರಿಗೆ ತೂಕ ಇಳಿಸಿಕೊಳ್ಳಿ ಎಂದು ವೈದ್ಯರು ಹೇಳಿದರು. ತಮ್ಮದೇ ವಿಧಾನ ಇರುವಾಗ ಇನ್ನೊಬ್ಬರನ್ನು ಕೇಳುವುದೇಕೆ? ಕಡಿಮೆ ಶಕ್ತಿ ಕೊಡುವ, ಆದರೆ ಹೊಟ್ಟೆ ತುಂಬಿದ ಹಾಗೆ ಅನಿಸುವ ಊಟ ಯಾವುದೆಂದು ಅವರು ಗಣಕಯಂತ್ರವನ್ನೇ ಕೇಳಿದರು. ಪದಾರ್ಥದ ತೂಕದಲ್ಲಿ ನೀರಿನ ಅಂಶ ಕಳೆದು ಉಳಿಯುವುದೇ ಹೊಟ್ಟೆ ತುಂಬಿಸುವ ಭಾಗ ಎಂದು ಲೆಕ್ಕ ಹಿಡಿದಿದ್ದರು. ಯಂತ್ರ ಕೊಟ್ಟ ಉತ್ತರದಲ್ಲಿ ದಿನಕ್ಕೆ 500 ಗ್ಯಾಲನ್ ವಿನೆಗರ್ ಇತ್ತು! ವಿನೆಗರ್‌ನಲ್ಲಿ ನೀರಿನ ಅಂಶ ಸೊನ್ನೆ ಎಂದು ಪಟ್ಟಿಯಲ್ಲಿ ನಮೂದಾಗಿದ್ದೇ ಇದಕ್ಕೆ ಕಾರಣ.

ವಿನೆಗರ್ ತೆಗೆದು ಮತ್ತೆ ಕೇಳಿದರು. ಈ ಬಾರಿ ಯಂತ್ರ ಹೇಳಿದ್ದು ದಿನಕ್ಕೆ 200 ಬುಯಾನ್ ಕ್ಯೂಬ್. ಸಾರನ್ನು ಬತ್ತಿಸಿ ಮಾಡಿದ, ಉಪ್ಪು ಹೆಚ್ಚಿರುವ ಪುಟ್ಟ ಬಿಲ್ಲೆಗಳು ಅವು. ಮೂರೋ ನಾಲ್ಕೋ ಬಿಲ್ಲೆಗಳನ್ನು ನೀರಿನಲ್ಲಿ ಕದಡಿ ಬಾಯಿಗಿಟ್ಟ ಡಾನ್ಸಿಗ್ ಉಪ್ಪಿನ ಹೊಡೆತಕ್ಕೆ ಅದನ್ನು ಕೈಬಿಡಬೇಕಾಯಿತು. ಆ ಮೊದಲು ಉಪ್ಪಿಗೆ ಮೇಲ್ಮಿತಿ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅದನ್ನೂ ಸರಿಪಡಿಸಿದ ಮೇಲೆ ಯಂತ್ರ ದಿನಕ್ಕೆ ಎರಡು ಪೌಂಡ್ ತೌಡನ್ನು ಸೂಚಿಸಿತು.

ಇಲ್ಲಿ ಯಂತ್ರ ತಪ್ಪು ಮಾಡಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತು. ತಪ್ಪು ಇದ್ದದ್ದು ಪ್ರಶ್ನೆಯಲ್ಲಿ ಮತ್ತು ಕೊಟ್ಟ ಅಂಕಿಯಲ್ಲಿ. ಡಾನ್ಸಿಗ್ ಅವರ ತಪ್ಪು ಉತ್ತರ ಅವರ ನಾಲಗೆಗೇ ತಾಗಿತು. ಆದ್ದರಿಂದ ಬೇಗನೆ ಗೊತ್ತಾಯಿತು. ಆದರೆ ಒಂದು ರಾಜ್ಯದ ಲಕ್ಷಾಂತರ ಮಕ್ಕಳ ಊಟಕ್ಕೆ ಇಂಥ ಲೆಕ್ಕ ಹಾಕಿದಾಗ ತಪ್ಪು ತಗಲುವುದು ಲೆಕ್ಕ ಹಾಕಿದವರಿಗಲ್ಲ.

ಬೇಯುವ ಗಂಜಿ, ಬೆಳೆಯದ ಮಗು

ತಟ್ಟೆಯ ಲೆಕ್ಕ ಮಕ್ಕಳ ಕಡೆಗೆ ತಿರುಗಿದ್ದು ಬಹಳ ತಡವಾಗಿ. ಫ್ರಾನ್ಸಿನ ವೈದ್ಯ ಆಂದ್ರೆ ಬ್ರಿಯಾಂಡ್ ಮತ್ತು ಅವರ ಸಹೋದ್ಯೋಗಿಗಳು 2002-03ರ ಸುಮಾರಿಗೆ ಡಾನ್ಸಿಗ್ ವಿಧಾನವನ್ನು ಎಳೆಯ ಮಕ್ಕಳ ಆಹಾರಕ್ಕೆ ಅನ್ವಯಿಸಿದರು. ಆಫ್ರಿಕಾದ ಮಲಾವಿ ದೇಶದ ಹಳ್ಳಿಗಳ ಮಕ್ಕಳ ಊಟವನ್ನು ಅವರು ಈ ರೀತಿ ಪರಿಶೀಲಿಸಿದರು.

ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ತಾಯಿಯ ಹಾಲೊಂದೇ ಸಾಲದು. ಆದರೆ ಅದರ ಹೊಟ್ಟೆ ಚಿಕ್ಕದು, ಅಗತ್ಯ ದೊಡ್ಡದು. ನೀರು ಹೆಚ್ಚಾದ ಗಂಜಿಯನ್ನು ಎಷ್ಟು ಕುಡಿಸಿದರೂ ಹೊಟ್ಟೆ ತುಂಬುತ್ತದೆಯೇ ಹೊರತು ಕಬ್ಬಿಣ, ಜಿಂಕ್, ಕ್ಯಾಲ್ಸಿಯಂ ಸಾಕಷ್ಟು ಸಿಗುವುದಿಲ್ಲ. ಆ ಊರಿನಲ್ಲಿ ಸಿಗುವ ಪದಾರ್ಥಗಳು, ಅವುಗಳ ಬೆಲೆ, ಮಗು ಒಂದು ಹೊತ್ತಿಗೆ ತಿನ್ನಬಲ್ಲ ಪ್ರಮಾಣ ಇವನ್ನೆಲ್ಲ ಮಿತಿಗಳಾಗಿ ಹಾಕಿ, ಎಲ್ಲ ಅಗತ್ಯಗಳನ್ನೂ ಪೂರೈಸುವ ಊಟವೊಂದು ಇದೆಯೇ ಎಂದು ಕೇಳಬಹುದು.

ಹಲವು ಬಡ ಪ್ರದೇಶಗಳಲ್ಲಿ ಇದಕ್ಕೆ ಬಂದ ಉತ್ತರ 'ಇಲ್ಲ' ಎಂಬುದೇ. ಊರಿನಲ್ಲಿ ಸಿಗುವುದನ್ನು ಹೇಗೆ ಬೆರೆಸಿದರೂ ಒಂದೆರಡು ಪೋಷಕಾಂಶಗಳು, ಹೆಚ್ಚಾಗಿ ಕಬ್ಬಿಣ ಮತ್ತು ಜಿಂಕ್, ಕೊರತೆಯಾಗಿಯೇ ಉಳಿಯುತ್ತವೆ. ಇದು ನಿರಾಶೆಯ ಉತ್ತರದಂತೆ ಕಂಡರೂ ಖರ್ಚಿನ ದೃಷ್ಟಿಯಿಂದ ಬಹಳ ಉಪಯುಕ್ತ. ಅಂಥ ಊರಿನಲ್ಲಿ ತಾಯಂದಿರಿಗೆ ತಿಳಿವಳಿಕೆ ಕೊಟ್ಟರೆ ಸಾಕು ಎನ್ನುವುದು ಅರ್ಧ ಸತ್ಯ. ತಿಳಿವಳಿಕೆ ಇರುವ ತಾಯಿಯೂ ಇಲ್ಲದ ಪದಾರ್ಥವನ್ನು ಬೇಯಿಸಲಾರಳು. ಅಲ್ಲಿ ಮೊಟ್ಟೆ, ಮೀನು, ಮಾಂಸದಂಥ ಆಹಾರಕ್ಕೋ ಪೋಷಕಾಂಶ ಬೆರೆಸಿದ ಹಿಟ್ಟಿಗೋ ಹಣ ಇಡಲೇಬೇಕಾಗುತ್ತದೆ. ತಪ್ಪು ತಾಯಿಯದಲ್ಲ ಎಂದು ಗಣಿತವೇ ಸಾಕ್ಷಿ ನುಡಿದಂತಾಯಿತು.

ಹತ್ತು ಲಕ್ಷದ ಒಂದು ಲೆಕ್ಕ

ತಟ್ಟೆಯಿಂದ ಬೊಕ್ಕಸಕ್ಕೆ ಬರೋಣ. ತತ್ತ್ವ ಅದೇ, ಪದಾರ್ಥಗಳ ಜಾಗದಲ್ಲಿ ಕಾರ್ಯಕ್ರಮಗಳು ಬರುತ್ತವೆ. ಅರ್ಥವಾಗಲೆಂದು ಒಂದು ಕಾಲ್ಪನಿಕ ಲೆಕ್ಕ ನೋಡಬಹುದು.

ಒಂದು ಹೋಬಳಿಯಲ್ಲಿ ಎರಡು ವರ್ಷದೊಳಗಿನ 2,000 ಮಕ್ಕಳಿದ್ದಾರೆ. ಕೈಯಲ್ಲಿರುವುದು 10 ಲಕ್ಷ ರೂಪಾಯಿ. ಕಾರ್ಯಕ್ರಮಗಳು ಎರಡು. ಮೊದಲನೆಯದು ಮನೆ ಭೇಟಿ ಮತ್ತು ತಿಳಿವಳಿಕೆ; ಮಗುವೊಂದಕ್ಕೆ 200 ರೂಪಾಯಿ ಖರ್ಚು, 100 ಮಕ್ಕಳಲ್ಲಿ 4 ಮಂದಿಯ ಬೆಳವಣಿಗೆ ಕುಂಠಿತವಾಗುವುದನ್ನು ಅದು ತಪ್ಪಿಸುತ್ತದೆ. ಎರಡನೆಯದು ಪೂರಕ ಆಹಾರ. ಮಗುವೊಂದಕ್ಕೆ 2,000 ರೂಪಾಯಿ ಖರ್ಚು, 100 ಮಕ್ಕಳಲ್ಲಿ 10 ಮಂದಿಯನ್ನು ಕಾಪಾಡುತ್ತದೆ.

ಮೇಲ್ನೋಟಕ್ಕೆ ಎರಡನೆಯದೇ ಹೆಚ್ಚು ಪರಿಣಾಮಕಾರಿ. ಎಲ್ಲ ಹಣವನ್ನೂ ಅದಕ್ಕೇ ಹಾಕಿದರೆ 500 ಮಕ್ಕಳಿಗೆ ಆಹಾರ ಸಿಗುತ್ತದೆ, 50 ಮಂದಿ ಪಾರಾಗುತ್ತಾರೆ. ಹಾಗಲ್ಲದೆ ಮೊದಲು 4 ಲಕ್ಷದಲ್ಲಿ ಎಲ್ಲ 2,000 ಮನೆಗಳಿಗೂ ಭೇಟಿ ನೀಡಿದರೆ 80 ಮಂದಿ ಪಾರಾಗುತ್ತಾರೆ. ಉಳಿದ 6 ಲಕ್ಷದಲ್ಲಿ 300 ಮಕ್ಕಳಿಗೆ ಆಹಾರ ಕೊಟ್ಟರೆ ಇನ್ನೂ 30. ಒಟ್ಟು 110. ಇನ್ನು ಆ 300 ಮಕ್ಕಳನ್ನು ಹೋಬಳಿಯ ಕಡು ಬಡ ಕೇರಿಗಳಿಂದಲೇ ಆರಿಸಿದೆವು, ಅಲ್ಲಿ ಆಹಾರದ ಪರಿಣಾಮ ಇಮ್ಮಡಿಯಾಗಿ 100ರಲ್ಲಿ 20 ಮಂದಿಗೆ ಉಪಯೋಗವಾಯಿತು ಎಂದರೆ ಒಟ್ಟು 140ರ ಹತ್ತಿರ ಬರುತ್ತದೆ. ಹಣ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ.

'ಹತ್ತಿರ' ಎಂದು ಹೇಳಲು ಕಾರಣವಿದೆ. ಮನೆ ಭೇಟಿಯಿಂದಲೇ ಪಾರಾದ ಮಗುವನ್ನು ಆಹಾರದ ಲೆಕ್ಕದಲ್ಲಿ ಮತ್ತೊಮ್ಮೆ ಎಣಿಸುವಂತಿಲ್ಲ. ಎರಡು ಕಾರ್ಯಕ್ರಮಗಳ ಫಲವನ್ನು ಸುಮ್ಮನೆ ಕೂಡಿಸಿದರೆ ಕಾಗದದ ಮೇಲೆ ಇರುವುದಕ್ಕಿಂತ ಹೆಚ್ಚು ಮಕ್ಕಳು ಬದುಕುತ್ತಾರೆ. ನಿಜವಾದ ಮಾದರಿಗಳಲ್ಲಿ ಕಾರ್ಯಕ್ರಮಗಳು ಎರಡಲ್ಲ, ಹತ್ತಿಪ್ಪತ್ತು. ಹೋಬಳಿ ಒಂದಲ್ಲ, ಇಡೀ ದೇಶ. ಮಕ್ಕಳು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಾರೆ, ಕಾಯಿಲೆ ಬೀಳುತ್ತಾರೆ, ಹೊಸ ಮಕ್ಕಳು ಹುಟ್ಟುತ್ತಾರೆ. ಇವನ್ನೆಲ್ಲ ಒಟ್ಟಿಗೆ ಹಿಡಿಯಲು ಮನುಷ್ಯನ ಕೈಬೆರಳು ಸಾಲದೆಂದೇ ಗಣಕಯಂತ್ರ ಬೇಕಾಗುವುದು.

ಬಾಂಗ್ಲಾದೇಶ ಮತ್ತು ಕ್ಯಾಮರೂನ್

ಇಂಥ ಒಂದು ಮಾದರಿಯ ಹೆಸರು 'ಆಪ್ಟಿಮಾ ನ್ಯೂಟ್ರಿಷನ್'. ವಿಶ್ವಬ್ಯಾಂಕ್ ಮತ್ತು ಆಸ್ಟ್ರೇಲಿಯಾದ ಬರ್ನೆಟ್ ಸಂಸ್ಥೆಯ ತಜ್ಞರು ಇದನ್ನು ರೂಪಿಸಿದರು. ಐದು ವರ್ಷದೊಳಗಿನ ಮಕ್ಕಳನ್ನು ವಯಸ್ಸಿಗೆ ತಕ್ಕಂತೆ ಐದು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನಲ್ಲಿ ಎಷ್ಟು ಮಕ್ಕಳು ಕುಂಠಿತರಾಗಿದ್ದಾರೆ, ಎಷ್ಟು ಮಂದಿಗೆ ಭೇದಿಯಾಗುತ್ತದೆ, ಎಷ್ಟು ಮಂದಿಗೆ ತಾಯಿಯ ಹಾಲು ಸಿಗುತ್ತಿದೆ ಎಂಬುದನ್ನು ಅದು ಜಾಡು ಹಿಡಿಯುತ್ತದೆ.

ಬಾಂಗ್ಲಾದೇಶದ ಏಳು ವಿಭಾಗಗಳಿಗೆ ಇದನ್ನು ಅನ್ವಯಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಆಗ ಖರ್ಚಾಗುತ್ತಿದ್ದ ಹಣವನ್ನು ಹೆಚ್ಚಿಸದೆ, ಕಡಿಮೆ ವೆಚ್ಚದಲ್ಲಿ ಹೆಚ್ಚು ಫಲ ಕೊಡುವ ಕಾರ್ಯಕ್ರಮಗಳಿಗೆ, ಅವು ಹೆಚ್ಚು ಬೇಕಾಗಿರುವ ಪ್ರದೇಶಗಳಿಗೆ ತಿರುಗಿಸಿದರೆ, ಕುಂಠಿತರಾಗದೆ ಐದು ವರ್ಷ ತುಂಬುವ ಮಕ್ಕಳ ಸಂಖ್ಯೆಯನ್ನು 13 ಲಕ್ಷದಷ್ಟು, ಅಂದರೆ ಶೇಕಡ 5ರಷ್ಟು, ಹೆಚ್ಚಿಸಬಹುದು ಎಂಬುದು ಅದರ ತೀರ್ಮಾನ. ಶೇಕಡ 5 ಎಂದರೆ ಚಿಕ್ಕದಾಗಿ ಕೇಳಿಸುತ್ತದೆ. ಹದಿಮೂರು ಲಕ್ಷ ಮಕ್ಕಳು ಎಂದಾಗ ಅದರ ತೂಕ ತಿಳಿಯುತ್ತದೆ.

ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ತಂಡವೊಂದು 'ಎ' ಜೀವಸತ್ವದ ಬಗ್ಗೆ ಇದೇ ಬಗೆಯ ಲೆಕ್ಕ ಹಾಕಿತು. ಮಕ್ಕಳಿಗೆ ಹನಿ ಹಾಕುವುದು, ಅಡುಗೆ ಎಣ್ಣೆಗೆ ಜೀವಸತ್ವ ಬೆರೆಸುವುದು, ಬುಯಾನ್ ಕ್ಯೂಬ್‌ಗೆ ಬೆರೆಸುವುದು ಹೀಗೆ ದಾರಿಗಳು ಹಲವು. ದೇಶದ ಉತ್ತರದ ಒಣ ಪ್ರದೇಶಕ್ಕೂ ದಕ್ಷಿಣಕ್ಕೂ ನಗರಗಳಿಗೂ ಒಂದೇ ಮದ್ದು ಸಲ್ಲದು, ಪ್ರದೇಶಕ್ಕೆ ತಕ್ಕ ಬೆರಕೆ ಮಾಡಿದರೆ ಅಷ್ಟೇ ಫಲ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ ಎಂಬುದು ಅಲ್ಲಿ ತಿಳಿದುಬಂತು. ಡಾನ್ಸಿಗ್ ಅವರನ್ನು ಹೆದರಿಸಿದ್ದ ಆ ಉಪ್ಪು ಬಿಲ್ಲೆಯೇ ಇಲ್ಲಿ ಮಕ್ಕಳ ಕಣ್ಣು ಉಳಿಸುವ ಸಾಧನಗಳ ಪಟ್ಟಿಯಲ್ಲಿ ಸೇರಿದ್ದು ಒಂದು ಸ್ವಾರಸ್ಯ. ಕಾರಣ ಸರಳ: ಪಶ್ಚಿಮ ಆಫ್ರಿಕಾದ ಬಹುತೇಕ ಅಡುಗೆಮನೆಗಳಲ್ಲಿ, ಬಡವರ ಮನೆಯಲ್ಲೂ, ಅದು ಬಳಕೆಯಲ್ಲಿದೆ.

ಅಲ್ಲಿ ಆಗಲೇ ನಡೆದಿತ್ತು

ಲೆಕ್ಕದ ಮೂಲಕ ಪೌಷ್ಟಿಕತೆಯ ಖರ್ಚನ್ನು ನಿರ್ಧರಿಸುವ ಯತ್ನಕ್ಕೆ ನಮ್ಮ ನೆರೆಯ ತಮಿಳುನಾಡಿನಲ್ಲಿ ಇನ್ನೂ ಹಳೆಯ ಉದಾಹರಣೆ ಇದೆ. ಸಿಡ್ನಿ ಕ್ಯಾಂಟರ್ ಎಂಬವರ ಅಮೆರಿಕದ ಸಂಸ್ಥೆಯೊಂದು 1973ರಲ್ಲಿ ಆ ರಾಜ್ಯದ ಆಹಾರ ವ್ಯವಸ್ಥೆಯ ಅಧ್ಯಯನ ಮುಗಿಸಿತು. ಹೊಲದಿಂದ ಹಿಡಿದು ಮಗುವಿನ ಬಾಯಿಯವರೆಗಿನ ದಾರಿಯನ್ನು ಒಂದೇ ವ್ಯವಸ್ಥೆಯೆಂದು ಭಾವಿಸಿ, ಎಲ್ಲಿ ಕೈಯಿಟ್ಟರೆ ಹೆಚ್ಚು ಪ್ರಯೋಜನ ಎಂದು ನೋಡುವುದು ಅದರ ಕ್ರಮ.

ಈ ಚಿಂತನೆಯ ಬೆನ್ನಲ್ಲೇ 1980ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ತಮಿಳುನಾಡು ಸಮಗ್ರ ಪೌಷ್ಟಿಕತೆ ಯೋಜನೆ ಆರಂಭವಾಯಿತು. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳೇ ಅದರ ಗುರಿ. ಊರಿನ ಕಾರ್ಯಕರ್ತೆ ಪ್ರತಿ ತಿಂಗಳೂ ಮಕ್ಕಳನ್ನು ತೂಗುತ್ತಿದ್ದಳು. ತೂಕ ಏರಬೇಕಾದಷ್ಟು ಏರದ ಮಗುವಿಗೆ ಮಾತ್ರ ಮೂರು ತಿಂಗಳ ಕಾಲ ಪೌಷ್ಟಿಕ ಲಾಡು. ಚೇತರಿಸಿಕೊಂಡ ಮೇಲೆ ಲಾಡು ನಿಲ್ಲುತ್ತಿತ್ತು. ಎಲ್ಲರಿಗೂ ಎಲ್ಲ ಕಾಲದಲ್ಲೂ ಕೊಡುವುದಕ್ಕಿಂತ ಬೇಕಾದವರಿಗೆ ಬೇಕಾದಾಗ ಕೊಡುವುದು ಮಿತವ್ಯಯ ಎಂಬುದು ತರ್ಕ. ತೀವ್ರ ಅಪೌಷ್ಟಿಕತೆ ಗಮನಾರ್ಹವಾಗಿ ತಗ್ಗಿತು. ಆದರೆ ಮಧ್ಯಮ ಮಟ್ಟದ ಅಪೌಷ್ಟಿಕತೆ ಅಷ್ಟಾಗಿ ಜಗ್ಗಲಿಲ್ಲ.

ಇದು ನಡೆಯುತ್ತಿದ್ದಾಗಲೇ, 1982ರ ಜುಲೈನಲ್ಲಿ, ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ತಮ್ಮ ಪೌಷ್ಟಿಕ ಊಟದ ಯೋಜನೆಯನ್ನು ಆರಂಭಿಸಿದರು. ಅಲ್ಲಿ ತಕ್ಕಡಿ ಇಲ್ಲ, ತೂಕ ಇಲ್ಲ. ಕೇಂದ್ರಕ್ಕೆ ಬಂದ ಮಗುವಿಗೆ ಬಿಸಿಯೂಟ. ಹಣದ ದುಂದು, ಮತದ ಆಸೆ ಎಂದು ಟೀಕಿಸಿದವರು ಬಹಳ ಮಂದಿ. ಮುಂದೆ ಇಡೀ ದೇಶದ ಶಾಲಾ ಬಿಸಿಯೂಟಕ್ಕೆ ಅದೇ ಮೇಲ್ಪಂಕ್ತಿಯಾಯಿತು. ಒಂದೇ ರಾಜ್ಯದಲ್ಲಿ, ಒಂದೇ ಕಾಲದಲ್ಲಿ, ಎರಡು ತತ್ತ್ವಗಳು ಎದುರುಬದುರಾಗಿ ನಿಂತಿದ್ದವು: ಆರಿಸಿ ಕೊಡುವುದು ಮತ್ತು ಎಲ್ಲರಿಗೂ ಕೊಡುವುದು.

ಆರಿಸುವಾಗ ಎರಡು ಬಗೆಯ ತಪ್ಪು ಆಗಬಹುದು. ಬೇಡದ ಮಗುವಿಗೆ ಕೊಟ್ಟರೆ ಹಣ ಪೋಲು. ಬೇಕಾದ ಮಗುವನ್ನು ಬಿಟ್ಟರೆ ಆ ಮಗುವಿಗೆ ಜೀವಮಾನದ ನಷ್ಟ. ಮೊದಲನೆಯ ತಪ್ಪು ಲೆಕ್ಕಪತ್ರದಲ್ಲಿ ಕಾಣುತ್ತದೆ, ಆಡಿಟ್‌ನವರು ಕೇಳುತ್ತಾರೆ. ಎರಡನೆಯದು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ತಕ್ಕಡಿಯ ಮುಳ್ಳು ಸರಿಯಿಲ್ಲದ ದಿನ, ತೂಗುವ ದಿನ ಕೂಲಿಗೆ ಹೋದ ತಾಯಿಯ ಮಗು, ಊರ ಹೊರಗಿನ ಕೇರಿಯಿಂದ ಬರಲು ಹಿಂಜರಿದ ಮಗು ಇವೆಲ್ಲ ಆ ಎರಡನೆಯ ತಪ್ಪಿನ ಲೆಕ್ಕಕ್ಕೆ ಸೇರುತ್ತವೆ.

ಐದರಲ್ಲಿ ಒಂದು ಪಾಲು

ಗಣಿತ ತನ್ನ ಮಿತಿಯನ್ನೂ ತಾನೇ ಹೇಳಿದ ಉದಾಹರಣೆ ಇದೆ. 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ 2013ರಲ್ಲಿ ಪ್ರಕಟಿಸಿದ ಲೇಖನಮಾಲೆಯಲ್ಲಿ ತಜ್ಞರು 34 ದೇಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ಜಗತ್ತಿನ ಕುಂಠಿತ ಮಕ್ಕಳಲ್ಲಿ ಶೇಕಡ 90ರಷ್ಟು ಈ ದೇಶಗಳಲ್ಲೇ ಇದ್ದರು. ಪರಿಣಾಮಕಾರಿ ಎಂದು ಸಾಬೀತಾದ ಹತ್ತು ಕಾರ್ಯಕ್ರಮಗಳನ್ನು ಶೇಕಡ 90ರಷ್ಟು ಜನರಿಗೆ ಮುಟ್ಟಿಸಿದರೆ ಏನಾಗುತ್ತದೆ ಎಂಬುದು ಪ್ರಶ್ನೆ. ವರ್ಷಕ್ಕೆ 960 ಕೋಟಿ ಡಾಲರ್ ಹೆಚ್ಚುವರಿ ಖರ್ಚು. ಮಕ್ಕಳ ಸಾವು ಶೇಕಡ 15ರಷ್ಟು ಕಡಿಮೆ. ಕುಂಠಿತ ಬೆಳವಣಿಗೆ ಸುಮಾರು ಶೇಕಡ 20ರಷ್ಟು ಕಡಿಮೆ.

ಅಂದರೆ ಪೌಷ್ಟಿಕತೆ ಇಲಾಖೆ ಮಾಡಬಹುದಾದದ್ದನ್ನೆಲ್ಲ ಮಾಡಿದರೂ ಕುಂಠಿತ ಬೆಳವಣಿಗೆಯಲ್ಲಿ ಐದರಲ್ಲಿ ನಾಲ್ಕು ಪಾಲು ಉಳಿದೇ ಇರುತ್ತದೆ. ಅದರ ಬೇರು ಶುದ್ಧ ನೀರು, ಶೌಚಾಲಯ, ತಾಯಿಯ ವಿದ್ಯಾಭ್ಯಾಸ, ಮದುವೆಯ ವಯಸ್ಸು, ಮನೆಯ ಸಂಪಾದನೆಗಳಲ್ಲಿದೆ. ಮತ್ತೆ ಮತ್ತೆ ಭೇದಿಯಾಗುವ ಮಗು ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಹಾಗಾದರೆ ಮಗುವಿನ ಪೌಷ್ಟಿಕತೆಗೆ ಖರ್ಚು ಎಂದರೆ ಮೊಟ್ಟೆಯ ಖರ್ಚು ಮಾತ್ರವೇ, ಚರಂಡಿಯ ಖರ್ಚೂ ಹೌದೇ? ಈ ಪ್ರಶ್ನೆಯನ್ನು ಇಲಾಖೆಗಳ ಗೋಡೆಗಳು ಕೇಳಗೊಡುವುದಿಲ್ಲ.

ಎಂಟು ರೂಪಾಯಿಯ ಮಿತಿ

ನಮ್ಮ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆಗಳಲ್ಲಿ. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ, ಅಲ್ಲಿ ತೆರೆದ ಅಂಗನವಾಡಿಗಳು 100. ಅರ್ಧ ಶತಮಾನ ಕಳೆದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 36.2ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 2019-21ರಲ್ಲಿ ಆ ಪ್ರಮಾಣ ಶೇಕಡ 35.4. ನಾಲ್ಕೈದು ವರ್ಷಗಳಲ್ಲಿ ಇಳಿದದ್ದು ಶೇಕಡ ಒಂದಕ್ಕಿಂತ ಕಡಿಮೆ.

ಸರಾಸರಿ ಎಂಬುದು ಸತ್ಯವನ್ನು ಮುಚ್ಚಿಡುವುದೂ ಉಂಟು. ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳ ಸ್ಥಿತಿ ರಾಜ್ಯದ ಸರಾಸರಿಗಿಂತ ಬಹಳ ಕೆಳಗಿದೆ. ಶಾಲಾ ಮಕ್ಕಳಿಗೆ ಮೊಟ್ಟೆ ಕೊಡುವ ಕಾರ್ಯಕ್ರಮ 2021ರಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಮೊದಲು ಆರಂಭವಾದದ್ದು ಈ ದೃಷ್ಟಿಯಿಂದಲೇ. ಮರುವರ್ಷ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಮೊದಲು ಎಲ್ಲಿ, ಆಮೇಲೆ ಎಲ್ಲಿ ಎಂದು ಆರಿಸುವುದೇ ಇಂಥ ಮಾದರಿಗಳ ಮುಖ್ಯ ಕೆಲಸ.

ಇನ್ನು ಹಣದ ಮಿತಿ. ಅಂಗನವಾಡಿಯ ಮಗುವಿಗೆ ದಿನಕ್ಕೆ 500 ಕ್ಯಾಲೊರಿ ಮತ್ತು 12ರಿಂದ 15 ಗ್ರಾಂ ಪ್ರೋಟೀನ್ ಕೊಡಬೇಕೆಂಬುದು 2013ರ ಕಾಯ್ದೆಯ ನಿಯಮವಾಗಿತ್ತು. ಅದಕ್ಕೆ 2017ರಲ್ಲಿ ನಿಗದಿಯಾದ ವೆಚ್ಚ 8 ರೂಪಾಯಿ. ತೀವ್ರ ಅಪೌಷ್ಟಿಕತೆಯ ಮಗುವಿಗೆ 12 ರೂಪಾಯಿ. ಸ್ಟಿಗ್ಲರ್ ಅವರ ಪ್ರಶ್ನೆಯೇ ಇದು, ನಮ್ಮ ಬೆಲೆಯಲ್ಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಹೀಗೆ ರಾಗಿ, ಬೇಳೆ, ಬೆಲ್ಲ, ಕಡಲೆಬೀಜಗಳ ಜಾಣ ಬೆರಕೆಯಿಂದ ಎಂಟು ರೂಪಾಯಿಯನ್ನು ಸಾಕಷ್ಟು ದೂರ ಎಳೆಯಬಹುದು. ಆದರೆ ಕ್ಯಾಲೊರಿ, ಪ್ರೋಟೀನ್ ಎರಡನ್ನೇ ಗುರಿಯಾಗಿಟ್ಟರೆ ಲೆಕ್ಕ ಕಬ್ಬಿಣವನ್ನೂ ಜಿಂಕ್‌ನ್ನೂ ಮರೆಯುತ್ತದೆ. ವಿನೆಗರ್ ಪ್ರಸಂಗದ ಹಾಗೆ, ಕೇಳದ ಪ್ರಶ್ನೆಗೆ ಯಂತ್ರ ಉತ್ತರ ಕೊಡುವುದಿಲ್ಲ.

ಹಕ್ಕು ಮತ್ತು ಮಿತಿ

ಇಷ್ಟೆಲ್ಲ ಓದಿದ ಮೇಲೆ ಓದುಗರಿಗೆ ಒಂದು ಅನುಮಾನ ಬರುವುದು ಸಹಜ. ಹಣಕ್ಕೆ ಹೆಚ್ಚು ಫಲ ಬರುವ ಕಡೆ ಖರ್ಚು ಮಾಡಿ ಎಂದು ಯಂತ್ರ ಹೇಳಿದರೆ, ತಲುಪಲು ಕಷ್ಟವಾದ ಕಾಡಿನ ಹಾಡಿಯ ಮಗುವನ್ನು ಅದು ಬಿಟ್ಟುಬಿಡುವುದಿಲ್ಲವೇ? ಅಲ್ಲಿಗೆ ಹೋಗಿಬರುವ ಖರ್ಚಿನಲ್ಲಿ ರಸ್ತೆ ಬದಿಯ ಊರಿನ ನಾಲ್ಕು ಮಕ್ಕಳನ್ನು ಕಾಪಾಡಬಹುದಲ್ಲ!

ಅನುಮಾನ ನಿಜವೇ. ಸುಮ್ಮನೆ ಬಿಟ್ಟರೆ ಯಂತ್ರ ಹಾಗೆಯೇ ಮಾಡುತ್ತದೆ. ಇದಕ್ಕೆ ಉತ್ತರವೂ ಆ ಗಣಿತದೊಳಗೇ ಇದೆ. ಡಾನ್ಸಿಗ್ ಅವರ ವಿಧಾನದಲ್ಲಿ ಎರಡು ಭಾಗಗಳಿವೆ. ಒಂದು, ಸಾಧಿಸಬೇಕಾದ ಗುರಿ. ಇನ್ನೊಂದು, ಏನೇ ಆದರೂ ಮೀರುವಂತಿಲ್ಲದ ಮಿತಿಗಳು. ಗುರಿಯ ವಿಷಯದಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವ ಚೌಕಾಸಿ ನಡೆಯುತ್ತದೆ. ಮಿತಿಯ ವಿಷಯದಲ್ಲಿ ಚೌಕಾಸಿ ಇಲ್ಲ.

ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. 2006ರ ಡಿಸೆಂಬರ್‌ನಲ್ಲಿ ಅಂಗನವಾಡಿಗಳನ್ನು ಎಲ್ಲ ಜನವಸತಿಗಳಿಗೂ ವಿಸ್ತರಿಸಿ, ಸಂಖ್ಯೆಯನ್ನು 14 ಲಕ್ಷಕ್ಕೆ ಏರಿಸಬೇಕೆಂದಿತು. 2013ರ ಆಹಾರ ಭದ್ರತಾ ಕಾಯ್ದೆ ಮಕ್ಕಳ ಊಟವನ್ನು ಕಾನೂನಿನ ಹಕ್ಕಾಗಿಸಿತು. ಹಕ್ಕು ಎಂಬುದು ಗಣಿತದ ಭಾಷೆಯಲ್ಲಿ ಗುರಿಯಲ್ಲ, ಮಿತಿ. ಹಾಡಿಯ ಮಗುವಿಗೂ ಊಟ ಸಿಗಲೇಬೇಕು ಎಂದು ಮೊದಲೇ ಬರೆದಿಟ್ಟು, ಆಮೇಲೆ ಉಳಿದ ಹಣದ ಹಂಚಿಕೆಯನ್ನು ಯಂತ್ರಕ್ಕೆ ಕೇಳಬೇಕು. ಯಾವುದು ಮಿತಿ, ಯಾವುದು ಗುರಿ ಎಂದು ನಿರ್ಧರಿಸುವವರು ಗಣಿತಜ್ಞರಲ್ಲ. ಶಾಸನಸಭೆ, ನ್ಯಾಯಾಲಯ ಮತ್ತು ಜನರು.

ಹಾಗೆ ನಿರ್ಧರಿಸಿದಾಗ ಮಾದರಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಈ ಮಿತಿಗಳನ್ನೆಲ್ಲ ಪಾಲಿಸಿ, ಇಷ್ಟು ಹಣದಲ್ಲಿ ಕೆಲಸ ಸಾಧ್ಯವೇ ಇಲ್ಲ ಎಂದು ಅದು ನೇರವಾಗಿ ಹೇಳಬಲ್ಲದು. ಎಂಟು ರೂಪಾಯಿ ಸಾಲದಿದ್ದರೆ ಎಷ್ಟು ಬೇಕು ಎಂಬುದನ್ನೂ ಹೇಳಬಲ್ಲದು. ಬಜೆಟ್ಟಿನ ಹೊತ್ತಿನಲ್ಲಿ ಇಂಥ ಮಾತು ಹೇಳುವವರು ಕಡಿಮೆ.

ಆದರೆ ಈ ಎಲ್ಲ ಲೆಕ್ಕವೂ ನಿಂತಿರುವುದು ಅಂಗನವಾಡಿಯ ಒಂದು ತಕ್ಕಡಿಯ ಮೇಲೆ. ಹೊರಗಿನ ಮರಕ್ಕೋ ಬಾಗಿಲ ತೊಲೆಗೋ ತೂಗುಹಾಕಿದ ತಕ್ಕಡಿಯಲ್ಲಿ ಅಳುವ ಮಗುವನ್ನು ಕೂರಿಸಿ, ಮುಳ್ಳು ನಿಲ್ಲುವವರೆಗೆ ಕಾದು, ಕಾರ್ಯಕರ್ತೆ ಬರೆದುಕೊಳ್ಳುವ ಅಂಕಿಯೇ ಕೊನೆಗೆ ರಾಜಧಾನಿಯ ಗಣಕಯಂತ್ರವನ್ನು ಸೇರುತ್ತದೆ. ಹತ್ತಾರು ದಾಖಲೆಗಳನ್ನು ತುಂಬುವ ಅವಸರದಲ್ಲಿ ಆಕೆ ಕಳೆದ ತಿಂಗಳ ತೂಕವನ್ನೇ ಈ ತಿಂಗಳೂ ಬರೆದರೆ ಯಂತ್ರಕ್ಕೆ ತಿಳಿಯುವುದಿಲ್ಲ. ಹಣ ಎಲ್ಲಿ ಹೋಗಬೇಕೆಂಬ ದೊಡ್ಡ ಲೆಕ್ಕ ಸರಿಯಾಗಬೇಕಾದರೆ ಮೊದಲು ಆ ತಕ್ಕಡಿ ಸರಿಯಿರಬೇಕು. ಅದನ್ನು ಹಿಡಿದ ಕೈಗೆ ಬಿಡುವೂ ತಕ್ಕ ಸಂಬಳವೂ ಇರಬೇಕು. ಈ ಖರ್ಚನ್ನೂ ಮಕ್ಕಳ ಪೌಷ್ಟಿಕತೆಯ ಪಟ್ಟಿಯಲ್ಲೇ ಬರೆಯುವುದು ನ್ಯಾಯ.